ದವಡೆ ಕೀಲಿನ ನೋವು: ಖರ್ಚು ಎಲ್ಲಿ ಮಾಡಬೇಕು, ಕ್ಲೇಮು ಯಾವುದಕ್ಕೆ ಸಿಗುತ್ತದೆ

ದವಡೆ ಕೀಲಿನ ತೊಂದರೆ ಇರುವವರು ನನ್ನ ಬಳಿ ಬರುವ ಹೊತ್ತಿಗೆ ಕೈಯಲ್ಲಿ ಒಂದು ದಪ್ಪ ಫೈಲು ಇರುತ್ತದೆ. ಕಿವಿನೋವೆಂದು ಮೊದಲು ಇಎನ್‌ಟಿಯವರಿಗೆ ತೋರಿಸಿರುತ್ತಾರೆ. ಕಿವಿಯಲ್ಲಿ ಏನೂ ಇಲ್ಲವೆಂದ ಮೇಲೆ ತಲೆನೋವಿಗೆಂದು ನರರೋಗ ತಜ್ಞರಲ್ಲಿಗೆ ಹೋಗಿರುತ್ತಾರೆ. ನಡುವೆ ಎಲ್ಲೋ ಒಂದು ಬುದ್ಧಿಹಲ್ಲನ್ನೂ ಕೀಳಿಸಿಕೊಂಡಿರುತ್ತಾರೆ. ಆ ಬಿಲ್ಲುಗಳನ್ನೆಲ್ಲ ಕೂಡಿಸಿದರೆ ಮುಂದೆ ಬೇಕಾಗುವ ಚಿಕಿತ್ಸೆಗಿಂತ ಆಗಿಹೋದ ಖರ್ಚೇ ಹೆಚ್ಚಿರುವುದು ಅಪರೂಪವೇನಲ್ಲ. ಕೊನೆಗೆ ಪ್ರಶ್ನೆ ಬರುತ್ತದೆ: "ಡಾಕ್ಟ್ರೇ, ಇದಕ್ಕೆ ಇನ್ಶೂರೆನ್ಸ್ ಬರುತ್ತಾ?"

ನೇರವಾಗಿ ಹೇಳುತ್ತೇನೆ. ಬಹುಪಾಲು ಜನರಿಗೆ ಬೇಕಾಗುವ ಚಿಕಿತ್ಸೆಗೆ ಬರುವುದಿಲ್ಲ. ಕೆಲವರಿಗಷ್ಟೇ ಬೇಕಾಗುವ ಶಸ್ತ್ರಚಿಕಿತ್ಸೆಗೆ ಬರಬಹುದು. ಹಾಗಾಗಿ ಮೊದಲನೆಯವರು ವಿಮೆಯ ಆಸೆ ಬಿಟ್ಟು ಯಾವ ಖರ್ಚು ಮೊದಲು, ಯಾವುದು ಆಮೇಲೆ ಎಂದು ನೋಡಿಕೊಳ್ಳಬೇಕು. ಎರಡನೆಯವರು ಅಡ್ಮಿಟ್ ಆಗುವ ಮೊದಲೇ ಕಾಗದ ಪತ್ರ ನೋಡಿಕೊಳ್ಳಬೇಕು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಕೈಗೆ ಸಿಗುವುದೇ ಈ ಕೀಲು. ಕಟ್ ಕಟ್ ಸದ್ದು ಬರುತ್ತಿದೆ, ಆದರೆ ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಎನ್ನುವವರಿಗೆ ಚಿಕಿತ್ಸೆಯೇ ಬೇಡ, ಖರ್ಚೂ ಬೇಡ. ನೋವಿರುವವರಲ್ಲಿ ಹೆಚ್ಚಿನವರದು ಕೀಲಿನ ನೋವಲ್ಲ, ದವಡೆಯ ಸ್ನಾಯುಗಳ ನೋವು. ರಾತ್ರಿ ಹಲ್ಲು ಕಡಿಯುವುದು, ಹಗಲಿಡೀ ಕೆಲಸದ ಒತ್ತಡದಲ್ಲಿ ಹಲ್ಲು ಬಿಗಿಹಿಡಿದು ಕೂರುವುದು, ಸರಿಯಾಗಿ ನಿದ್ದೆಯಿಲ್ಲದಿರುವುದು ಇದರ ಹಿಂದಿರುತ್ತವೆ. ಇಂಥವರಿಗೆ ನಾನು ಮೊದಲು ಹೇಳುವುದು ಕಾಸು ಖರ್ಚಾಗದ ಸಂಗತಿಗಳನ್ನೇ. ಕೆಲವು ವಾರ ಮೆತ್ತಗಿನ ಊಟ ಮಾಡಿ. ಖಡಕ್ ರೊಟ್ಟಿ, ಚಕ್ಕುಲಿ, ಕಬ್ಬು, ಅಡಿಕೆ ದೂರವಿಡಿ. ದಿನಕ್ಕೆರಡು ಸಲ ಬಿಸಿ ಬಟ್ಟೆಯ ಶಾಖ ಕೊಡಿ. ಆಕಳಿಸುವಾಗ ಗಲ್ಲಕ್ಕೆ ಕೈ ಒತ್ತಿಕೊಳ್ಳಿ. ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ಇದರ ಜೊತೆಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ದವಡೆಯ ವ್ಯಾಯಾಮ. ಇಷ್ಟರಲ್ಲೇ ಹಗುರಾಗುವವರು ಬಹಳ ಮಂದಿ.

ಇಷ್ಟು ಹೇಳಿದರೆ ಕೆಲವರಿಗೆ ಸಮಾಧಾನವಾಗುವುದಿಲ್ಲ. ದೂರದಿಂದ ಬಂದಿದ್ದೇವೆ, ಏನಾದರೂ 'ದೊಡ್ಡ ಟ್ರೀಟ್‌ಮೆಂಟ್' ಮಾಡಿ ಎನ್ನುತ್ತಾರೆ. ದೊಡ್ಡದನ್ನು ಮಾರುವವರಿಗೇನೂ ಕೊರತೆಯಿಲ್ಲ. ಕಚ್ಚು (ಮೇಲಿನ, ಕೆಳಗಿನ ಹಲ್ಲುಗಳು ಒಂದರ ಮೇಲೊಂದು ಕೂರುವ ರೀತಿ) ಸರಿಮಾಡುತ್ತೇವೆಂದು ಹಲ್ಲುಗಳನ್ನು ಉಜ್ಜಿ ತೆಗೆಯುವುದು, ಸಾಲು ಸಾಲಾಗಿ ಕ್ಯಾಪ್ ಹಾಕುವುದು, ದವಡೆ ನೋವಿಗೆಂದೇ ಕ್ಲಿಪ್ ಹಾಕಿಸುವುದು ಇವೆಲ್ಲ ಲಕ್ಷದ ಲೆಕ್ಕಕ್ಕೆ ಹೋಗುವ ಕೆಲಸಗಳು. ಉಜ್ಜಿದ ಹಲ್ಲು ಮತ್ತೆ ಬರುವುದಿಲ್ಲ, ವಿಮೆಯವರು ಒಂದು ರೂಪಾಯಿ ಕೊಡುವುದಿಲ್ಲ. 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ನೋಡಿ. ಮೂರು ತಿಂಗಳು ದಾಟಿದ ನೋವಿಗೆ ಅದು ಬಲವಾಗಿ ಶಿಫಾರಸು ಮಾಡಿದ್ದು ದವಡೆಯ ವ್ಯಾಯಾಮ, ಸ್ನಾಯುಗಳನ್ನು ಒತ್ತಿ ಸಡಿಲಿಸುವ ಚಿಕಿತ್ಸೆ, ಸಿಬಿಟಿ ಎಂಬ ಮನೋಚಿಕಿತ್ಸೆ ಮೊದಲಾದವನ್ನು. ಕಚ್ಚನ್ನು ಕಾಯಂ ಬದಲಿಸಿಬಿಡುವ ಸ್ಪ್ಲಿಂಟನ್ನೂ (ಹಲ್ಲಿನ ಮೇಲೆ ಹಾಕಿಕೊಳ್ಳುವ ಅಚ್ಚು) ಕೀಲಿನ ನಡುವಿನ ಮೆತ್ತೆಯಾದ ಡಿಸ್ಕ್ ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ಬಲವಾಗಿ ಬೇಡವೆಂದಿತು. ಬೊಟಾಕ್ಸ್ ಬಗ್ಗೆಯೂ ಉತ್ಸಾಹ ತೋರಲಿಲ್ಲ. ರಾತ್ರಿ ಹಾಕಿಕೊಂಡು ಬೆಳಿಗ್ಗೆ ತೆಗೆಯುವ ಮಾಮೂಲಿ ಸ್ಪ್ಲಿಂಟ್ ಕೂಡ ಅದರ ಮೆಚ್ಚಿನ ಪಟ್ಟಿಯಲ್ಲಿಲ್ಲ. ಹಲ್ಲು ಸವೆಯುವಷ್ಟು ಕಡಿಯುವವರಿಗೆ ಅದನ್ನು ನಾನು ಈಗಲೂ ಕೊಡುತ್ತೇನೆ. ಆದರೆ ನೋವಿನವರಿಗೆಲ್ಲ ಮೊದಲ ದಿನವೇ ಅಳತೆ ತೆಗೆಯುವುದಿಲ್ಲ.

ಪರೀಕ್ಷೆಗಳ ವಿಷಯವೂ ಹೀಗೆಯೇ. ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ, ಕೆಲವು ನೂರು ರೂಪಾಯಿಗಳ ಒಪಿಜಿ ಎಕ್ಸ್‌ರೇ ಮೊದಲ ಹಂತಕ್ಕೆ ಧಾರಾಳವಾಗಿ ಸಾಕು. ಮೂಳೆ ಸವೆದಿದೆಯೇ ಎಂಬ ಅನುಮಾನಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್, ಡಿಸ್ಕ್ ಜಾರಿದೆಯೇ ಎಂದು ತಿಳಿಯಲು ಎಂಆರ್‌ಐ. ಎಂಆರ್‌ಐಗೆ ಹಲವು ಸಾವಿರ ಆಗುತ್ತದೆ. ಅದರ ಫಲಿತಾಂಶ ನೋಡಿ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಮಾಡಿಸಿ. ಬರೆದುಕೊಟ್ಟ ವೈದ್ಯರನ್ನೇ ಕೇಳಿ: "ಇದರಲ್ಲಿ ಏನು ಬಂದರೆ ನೀವು ಬೇರೆ ಏನು ಮಾಡ್ತೀರಿ?" ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳಬಾರದು. ಪಟ್ಟುಕೊಂಡರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಖರ್ಚು ಉಳಿಸಲು ಹೋಗಬಾರದ ಸಂದರ್ಭಗಳೂ ಇವೆ. ಐವತ್ತು ದಾಟಿದವರಿಗೆ ಹೊಸದಾಗಿ ಅಗಿಯುವಾಗ ದವಡೆ ಸೋಲುವುದು, ಕಣತಲೆ ನೋವು, ಕಣ್ಣು ಮಂಜಾಗುವುದು ಕಂಡರೆ ಅದು ರಕ್ತನಾಳದ ಉರಿಯೂತ ಇರಬಹುದು, ದೃಷ್ಟಿಗೇ ಅಪಾಯ. ನಡೆದಾಗ ಬಂದು ನಿಂತಾಗ ಹೋಗುವ ದವಡೆ ನೋವು ಹೃದಯದ್ದಾಗಿರಬಹುದು. ಮುಖ ಮರಗಟ್ಟುವುದು, ಊತ, ಜ್ವರ ಇದ್ದರೂ ಕಾಯಬೇಡಿ. ಗುಟ್ಕಾ, ಅಡಿಕೆ ಹಾಕುವವರಿಗೆ ಬಾಯಿ ತೆರೆಯದಿದ್ದರೆ ಬಹಳ ಸಲ ಕೀಲಿನ ದೋಷ ಇರುವುದಿಲ್ಲ. ಕೆನ್ನೆಯ ಒಳಪದರವೇ ನಾರುಗಟ್ಟಿರುತ್ತದೆ, ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ ಅದು.

ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ನಮ್ಮ ರಾಜ್ಯದಲ್ಲಿ ಒಂದು ಅನುಕೂಲವಿದೆ, ಡೆಂಟಲ್ ಕಾಲೇಜುಗಳು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಿಂದ ಹಿಡಿದು ದಾವಣಗೆರೆ, ಧಾರವಾಡ, ಮಂಗಳೂರು, ಮಣಿಪಾಲ, ಬೆಳಗಾವಿ, ಕಲಬುರಗಿವರೆಗೆ ಹರಡಿವೆ. ಅಲ್ಲಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಚೀಟಿ ಮಾಡಿಸಿ. ಪಿಜಿ ವಿದ್ಯಾರ್ಥಿ ನೋಡುತ್ತಾರೆ, ಪ್ರೊಫೆಸರ್ ತಪಾಸಣೆ ಮಾಡುತ್ತಾರೆ. ಸಮಯ ಹಿಡಿಯುತ್ತದೆ ನಿಜ, ಆದರೆ ಸ್ಪ್ಲಿಂಟ್ ಖಾಸಗಿ ದರಕ್ಕಿಂತ ಎಷ್ಟೋ ಕಡಿಮೆಯಲ್ಲಿ ಆಗುತ್ತದೆ. ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಹೊರರೋಗಿ ಚಿಕಿತ್ಸೆಯೂ ಅದರಲ್ಲೇ ಸೇರಿದೆ. ಗಾರ್ಮೆಂಟ್ಸ್ ಕೆಲಸದ ಎಷ್ಟೋ ಹೆಣ್ಣುಮಕ್ಕಳು ಈ ಕಾರ್ಡು ಪರ್ಸಿನಲ್ಲಿಟ್ಟುಕೊಂಡೇ ಹೊರಗೆ ದುಡ್ಡು ಕೊಟ್ಟು ಬಂದಿರುತ್ತಾರೆ.

ಈಗ ಖಾಸಗಿ ಆರೋಗ್ಯ ವಿಮೆ. ಇಲ್ಲಿ ತೊಡಕಿರುವುದು ಕೀಲಿನ ಜಾಗದಲ್ಲಿ. ಮೊಣಕಾಲಿನಂತೆ ಇದೂ ಒಂದು ಕೀಲು, ಆದರೆ ನೋಡುವವರು ದಂತವೈದ್ಯರು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ರೋಗಪಟ್ಟಿಯಲ್ಲಿ ಇದರ ಸಂಕೇತ ಕೆ07.6, ಅಂದರೆ ಹುಳುಕು ಹಲ್ಲು, ವಸಡು ರೋಗಗಳಿರುವ ಸಾಲಿನಲ್ಲೇ. ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಟಿಪಿಎ ಸಂಸ್ಥೆಯ ಮೇಜಿನಲ್ಲಿ ಕೂತವರು ಸಂಕೇತ ನೋಡಿ 'ಡೆಂಟಲ್' ಎಂದು ಬದಿಗಿಡುತ್ತಾರೆ. ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ಗೋಳು: ಮೆಡಿಕಲ್ ವಿಮೆಯವರು ಡೆಂಟಲ್ ಕಡೆಗೆ, ಡೆಂಟಲ್‌ನವರು ಮೆಡಿಕಲ್ ಕಡೆಗೆ ಕೈ ತೋರಿಸುತ್ತಾರೆ. ಈ ಒಡಕಿನ ಬಗ್ಗೆ ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳು 2020ರಲ್ಲಿ ಒಂದು ದೊಡ್ಡ ವರದಿಯಲ್ಲೇ ಬರೆದಿವೆ.

ಹಾಗಂತ ಪಾಲಿಸಿಯಲ್ಲಿ ದಾರಿಯೇ ಇಲ್ಲವೆಂದಲ್ಲ. 2020ರ ಏಪ್ರಿಲಿನಿಂದ ಎಲ್ಲ ಆರೋಗ್ಯ ವಿಮಾ ಕಂಪನಿಗಳೂ ಮಾರಲೇಬೇಕಾಗಿ ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ, ಕಾಯಿಲೆ ಅಥವಾ ಗಾಯದಿಂದ ಅಗತ್ಯವಾದ ದಂತ ಚಿಕಿತ್ಸೆಗೆ ಆಸ್ಪತ್ರೆ ವೆಚ್ಚ ಸಿಗುತ್ತದೆಂದು ಸ್ಪಷ್ಟವಾಗಿ ಬರೆದಿದೆ. ಬೇರೆ ಪಾಲಿಸಿಗಳಲ್ಲಿ 'ದಂತ ಚಿಕಿತ್ಸೆ ಇಲ್ಲ' ಎಂಬ ಸಾಲು ಕಂಡರೆ ಅಲ್ಲಿಗೇ ನಿಲ್ಲಿಸಬೇಡಿ. ಮುಂದಿನ 'ಹೊರತು' ಎಂಬಲ್ಲಿವರೆಗೆ ಓದಿ, ಅಪಘಾತ ಅಥವಾ ಒಳರೋಗಿ ದಾಖಲಾತಿಯ ವಿನಾಯಿತಿ ಹಲವು ಸಲ ಅಲ್ಲೇ ಇರುತ್ತದೆ.

ಎಲ್ಲಿ ಚಿಕಿತ್ಸೆ ಆಯಿತು ಎಂಬುದೂ ಮುಖ್ಯ. ಕೀಲಿಗೆ ಸೂಜಿ ಹಾಕಿ ತೊಳೆಯುವ ಆರ್ಥ್ರೋಸೆಂಟಿಸಿಸನ್ನು ಡೆಂಟಲ್ ಚೇರಿನಲ್ಲೇ ಮಾಡಬಹುದು. ಹಾಗೆ ಮಾಡಿದರೆ ಅದು ಒಪಿಡಿ, ಅಂದರೆ ಹೊರರೋಗಿ ಚಿಕಿತ್ಸೆ, ಕ್ಲೇಮು ಇಲ್ಲ. ವಿಮೆಯ ವ್ಯಾಖ್ಯೆಯಲ್ಲಿ 'ಆಸ್ಪತ್ರೆ' ಎಂದರೆ ನೋಂದಣಿ ಆಗಿರಬೇಕು, ಇಲ್ಲವೇ ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10, ದೊಡ್ಡ ನಗರದಲ್ಲಿ 15 ಒಳರೋಗಿ ಹಾಸಿಗೆ, ಹಗಲೂ ರಾತ್ರಿ ನರ್ಸು, ಆಪರೇಷನ್ ಥಿಯೇಟರು ಎಲ್ಲ ಇರಬೇಕು. ಎಷ್ಟೇ ಥಳಥಳಿಸುವ ಡೆಂಟಲ್ ಕ್ಲಿನಿಕ್ಕೂ ಇದಕ್ಕೆ ಒಗ್ಗುವುದು ಕಷ್ಟ. ಹಾಗೆಂದು ಒಪಿಡಿ ಕೆಲಸಕ್ಕೆ ಸುಮ್ಮನೆ ಅಡ್ಮಿಟ್ ಆಗುವುದೂ ಉಪಾಯವಲ್ಲ. ಪರೀಕ್ಷೆಗಳಿಗಷ್ಟೇ ದಾಖಲಾದರೆ ವೆಚ್ಚ ಕೊಡುವುದಿಲ್ಲವೆಂದು ಎಲ್ಲ ಪಾಲಿಸಿಗಳಲ್ಲೂ ಇರುವ, ಯಾವುದಕ್ಕೆ ವೆಚ್ಚ ಕೊಡುವುದಿಲ್ಲ ಎಂಬ ಪ್ರಮಾಣಿತ ಪಟ್ಟಿಯ ನಾಲ್ಕನೇ ಷರತ್ತು ಹೇಳುತ್ತದೆ. "ಬಿದ್ದು ಪೆಟ್ಟಾಯ್ತು ಅಂತ ಬರೆದುಕೊಡಿ ಸಾರ್" ಎಂದು ಕೇಳುವವರಿದ್ದಾರೆ. ಬರೆಯುವುದಿಲ್ಲ. ಅದು ವಂಚನೆ, ಸಿಕ್ಕಿಬಿದ್ದರೆ ಆ ಪಾಲಿಸಿಯೇ ಹೋಗುತ್ತದೆ.

ಬರೆಯಬೇಕಾದದ್ದು ನಿಜವನ್ನೇ, ಆದರೆ ಪೂರ್ತಿಯಾಗಿ. ದಾಖಲಾಗುವ ಮೊದಲು ವಿಮೆಯವರ ಒಪ್ಪಿಗೆ ಕೇಳುವ ಪ್ರೀ-ಆಥ್ ಅರ್ಜಿಯಲ್ಲಿ 'ಟಿಎಂಜೆ ನೋವು' (ದವಡೆ ಕೀಲಿನ ನೋವು) ಎಂದಷ್ಟೇ ಇದ್ದರೆ ವಾಪಸು ಬರುವುದು ಖಚಿತ. ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ, ಏನು ತಿನ್ನಲಾಗುತ್ತಿಲ್ಲ, ವ್ಯಾಯಾಮ, ಔಷಧಿ ಎಷ್ಟು ತಿಂಗಳು ಮಾಡಿ ಫಲ ಸಿಗಲಿಲ್ಲ, ಎಂಆರ್‌ಐಯಲ್ಲಿ ಏನಿದೆ, ಅರಿವಳಿಕೆ ಏಕೆ ಬೇಕು ಎಂಬುದೆಲ್ಲ ಇರಲಿ. ದವಡೆಯನ್ನು ಕತ್ತರಿಸಿ ಕೂರಿಸುವ ಶಸ್ತ್ರಚಿಕಿತ್ಸೆಯಾದರೆ 'ಸೌಂದರ್ಯಕ್ಕಾಗಿ' ಎಂಬ ಆಕ್ಷೇಪ ಬರುತ್ತದೆ. ಅಗಿಯಲು, ಉಸಿರಾಡಲು ಇರುವ ತೊಂದರೆಯನ್ನು ಆಗ ಅಳತೆ ಸಮೇತ ತೋರಿಸಬೇಕು.

ಹಳೆಯ ಕಾಯಿಲೆ ಎಂಬ ಗುಮ್ಮನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೇಸ್ ಶೀಟಿನಲ್ಲಿ 'ಐದು ವರ್ಷದಿಂದ ಸದ್ದು' ಎಂದು ಬರೆದದ್ದನ್ನೇ ಹಿಡಿದು ಕ್ಲೇಮು ನಿರಾಕರಿಸುವುದುಂಟು. ಈಗಿರುವ ನಿಯಮದಲ್ಲಿ, ಪಾಲಿಸಿ ಮಾಡಿಸುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಸಲಹೆ, ಚಿಕಿತ್ಸೆ ಪಡೆದ ತೊಂದರೆ ಮಾತ್ರ 'ಮೊದಲೇ ಇದ್ದ ಕಾಯಿಲೆ'. ಬರೀ ಸದ್ದಿತ್ತು, ಯಾರಿಗೂ ತೋರಿಸಿರಲಿಲ್ಲ ಎಂದಾದರೆ ಆ ವ್ಯಾಖ್ಯೆಗೆ ಸೇರುವುದಿಲ್ಲ. ತೋರಿಸಿದ್ದರೆ ಮಾತ್ರ ಅರ್ಜಿಯಲ್ಲಿ ಮುಚ್ಚಿಡಬೇಡಿ. ಅದಕ್ಕೆ ಕಾಯುವ ಅವಧಿ, ಅಂದರೆ ಪಾಲಿಸಿ ಮಾಡಿಸಿದ ಮೇಲೆ ಕ್ಲೇಮು ಸಿಗದ ಕಾಲ, ಈಗ ಗರಿಷ್ಠ 36 ತಿಂಗಳು, 2024ರ ಏಪ್ರಿಲಿಗೆ ಮುಂಚೆ 48 ಇತ್ತು. ಕೃತಕ ಕೀಲು ಹಾಕಿಸಬೇಕಾದ ವಿರಳ ರೋಗಿಗಳು ಇನ್ನೊಂದನ್ನು ಗಮನಿಸಲಿ: ಅಪಘಾತದಿಂದ ಆಗದ ಕೀಲು ಬದಲಾವಣೆಗೆ ಬಹುತೇಕ ಪಾಲಿಸಿಗಳಲ್ಲಿ ಪ್ರತ್ಯೇಕ ಕಾಯುವ ಅವಧಿ ಇರುತ್ತದೆ. ಬಿಲ್ಲು ಹಲವು ಲಕ್ಷಕ್ಕೆ ಹೋಗುವ ಶಸ್ತ್ರಚಿಕಿತ್ಸೆ ಅದು.

ದಿನಾಂಕಗಳನ್ನೂ ಲೆಕ್ಕ ಹಾಕಿ. ಆರೋಗ್ಯ ಸಂಜೀವನಿಯಲ್ಲಿ ದಾಖಲಾತಿಗೆ ಹಿಂದಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಸಂಬಂಧಪಟ್ಟ ಖರ್ಚು ಸಿಗುತ್ತದೆ. ಶಸ್ತ್ರಚಿಕಿತ್ಸೆ ಖಾತ್ರಿಯಾಗಿದ್ದರೆ ಎಂಆರ್‌ಐ ಆ ಮೂವತ್ತು ದಿನದೊಳಗೆ ಬೀಳುವಂತೆ ನೋಡಿಕೊಳ್ಳಬಹುದು. ಆಮೇಲಿನ ಫಿಸಿಯೋಥೆರಪಿಯನ್ನು ಡಿಸ್ಚಾರ್ಜ್ ಸಮ್ಮರಿಯಲ್ಲೇ ಬರೆಸಿಕೊಳ್ಳಿ. ಅದೇ ಪಾಲಿಸಿಯಲ್ಲಿ 5 ಶೇಕಡಾ ನಿಮ್ಮ ಪಾಲು, ಕೊಠಡಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ 2 ಶೇಕಡಾ, ಹೆಚ್ಚೆಂದರೆ 5,000 ರೂಪಾಯಿ ಮಿತಿ. ಮಿತಿ ಮೀರಿದ ರೂಮು ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಬಿಲ್ಲಿನ ಬೇರೆ ಬಾಬ್ತುಗಳಲ್ಲೂ ಅದೇ ಅನುಪಾತದಲ್ಲಿ ಕಡಿತವಾಗಬಹುದು.

ಚಿಕ್ಕಂದಿನಲ್ಲಿ ಗಲ್ಲದ ಮೇಲೆ ಬಿದ್ದೋ ಕಿವಿ ಸೋರಿ ಸೋಂಕಾಗಿಯೋ ಕೀಲು ಮೂಳೆಗೆ ಅಂಟಿಕೊಂಡು ಬಾಯಿಯೇ ತೆರೆಯದ ಮಕ್ಕಳಿರುತ್ತಾರೆ. ಗಲ್ಲ ಬೆಳೆಯುವುದಿಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಇವರಿಗೆ ಶಸ್ತ್ರಚಿಕಿತ್ಸೆ ಬೇಕೇ ಬೇಕು, ಆಯುಷ್ಮಾನ್ ಭಾರತದ ಪ್ಯಾಕೇಜ್ ಪಟ್ಟಿಯಲ್ಲಿ ಅದು ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾವನ್ನು ಸರ್ಕಾರ ಭರಿಸುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ಪಡೆಯಿರಿ. ಖಾಸಗಿಯಲ್ಲಿ ದುಡ್ಡು ಕಟ್ಟಿಬಿಟ್ಟು ಆಮೇಲೆ ಕಾರ್ಡು ತೋರಿಸಿದರೆ ಆಗುವುದಿಲ್ಲ.

ಕ್ಲೇಮು ತಿರಸ್ಕಾರವಾದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ತಿರಸ್ಕಾರ ಪತ್ರ ಕೈಸೇರಿ ಒಂದು ವರ್ಷದೊಳಗೆ ಅರ್ಜಿ ಅಲ್ಲಿಗೆ ತಲುಪಿರಬೇಕು.