ಉಪ್ಪು ನಿಂತಲ್ಲಿ ಕಾನೂನೂ ನಿಲ್ಲುತ್ತದೆ

ಕುಮಟಾ ಕಡೆ ಹೊಳೆ ಪಕ್ಕ ಮನೆ ಕಟ್ಟಲು ಹೊರಟವರ ಕಿವಿಗೆ ಮೊದಲು ಬೀಳುವ ಮಾತು ‘ಸಿಆರ್‌ಝಡ್’. ಕರಾವಳಿ ನಿಯಂತ್ರಣ ವಲಯದ ಈ ಅಧಿಸೂಚನೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1991ರಲ್ಲಿ ಬಂತು. 2011ರಲ್ಲಿ ಮತ್ತು 2019ರಲ್ಲಿ ಅದನ್ನು ಹೊಸದಾಗಿ ಬರೆದರು. ಸಮುದ್ರದ ಉಬ್ಬರದ ಗೆರೆಯಿಂದ ಒಳಗೆ 500 ಮೀಟರ್‌ವರೆಗೆ ಅದರ ಹಿಡಿತ. ಆದರೆ ಅಘನಾಶಿನಿ ಹೊಳೆ ದಂಡೆಯ ಮಿರ್ಜಾನ್, ದಿವಗಿ ಇರುವುದು ಸಮುದ್ರದಿಂದ ಎಷ್ಟೋ ಒಳಗೆ. ಅಲ್ಲಿಗೂ ಈ ಕಾನೂನು ಹೇಗೆ ಬಂತು?

ಉಪ್ಪಿನ ಜಾಡು ಹಿಡಿದು ಬಂತು. ಹೊಳೆಯ ಒಂದು ಲೀಟರ್ ನೀರಿನಲ್ಲಿ 5 ಗ್ರಾಂ ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ಕಡಲಿನ ಪ್ರಭಾವ ಇದೆ ಎಂದು ಅಧಿಸೂಚನೆ ಲೆಕ್ಕ ಹಾಕುತ್ತದೆ. ಐದು ಗ್ರಾಂ ಎಂದರೆ ಹೆಚ್ಚುಕಮ್ಮಿ ಒಂದು ಟೀ ಚಮಚ. ಕಡಲ ನೀರಿನಲ್ಲಾದರೆ ಸುಮಾರು 35 ಗ್ರಾಂ ಇರುತ್ತದೆ. ಅಳೆಯಬೇಕಾದದ್ದು ವರ್ಷದ ಅತಿ ಒಣ ದಿನಗಳಲ್ಲಿ. ಅಂಥ ಹೊಳೆಯ ದಂಡೆಯಲ್ಲಿ 2011ರ ನಿಯಮ 100 ಮೀಟರ್ ಜಾಗ ಕಾಯುತ್ತಿತ್ತು. 2019ರಲ್ಲಿ ಅದು 50ಕ್ಕೆ ಇಳಿಯಿತು. (ಹೊಳೆಯ ಅಗಲ ಅದಕ್ಕಿಂತ ಕಡಿಮೆ ಇದ್ದರೆ ಆ ಅಗಲದಷ್ಟೇ.) ಅರ್ಧ ಜಾಗ ಹೀಗೆ ಸುಮ್ನೆ ಕೈಬಿಟ್ಟಿದ್ದು ನನಗಂತೂ ಸರಿ ಕಾಣಲಿಲ್ಲ.

ಬೇಸಿಗೆಯಲ್ಲೇ ಅಳೆಯುವುದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ಘಟ್ಟದ ನೀರು ನುಗ್ಗಿ ಬಂದು ಅಳಿವೆಯ (ಹೊಳೆ ಕಡಲು ಸೇರುವ ಜಾಗದ) ಉಪ್ಪನ್ನೆಲ್ಲ ಕಡಲಿಗೆ ತಳ್ಳುತ್ತದೆ. ಮಳೆ ನಿಂತ ಮೇಲೆ ಉಪ್ಪುನೀರು ಮೆಲ್ಲಗೆ ಹಿಂದಕ್ಕೆ ಏರುತ್ತದೆ. ಅದು ಸಿಹಿನೀರಿಗಿಂತ ಭಾರ. ಹಾಗಾಗಿ ತಳ ಹಿಡಿದೇ ಬರುತ್ತದೆ. ಮೇಲಿನ ನೀರು ಇನ್ನೂ ಸಪ್ಪೆ ಇರುವಾಗಲೇ ತಳದಲ್ಲಿ ಉಪ್ಪಾಗಿರುತ್ತದೆ.

ಈ ಏರಿಳಿತದ ಮೇಲೇ ಅಘನಾಶಿನಿ ದಂಡೆಯ ಬದುಕು ನಿಂತಿದೆ. ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ಹೊಳೆ ಪಕ್ಕದ ಗದ್ದೆಯಲ್ಲಿ, ಉಪ್ಪು ತೊಳೆದುಹೋಗುವ ಮಳೆಗಾಲಕ್ಕೆ ಕಗ್ಗ ಭತ್ತ, ಉಪ್ಪು ಮರಳಿದ ಮೇಲೆ ಮೀನು, ಸಿಗಡಿ. ಬಳಚು ಎಂಬ ಚಿಪ್ಪುಜೀವಿಯ ಕಥೆ ಇನ್ನೂ ಸೂಕ್ಷ್ಮ. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿಗಿಳಿದು, ಕೆಸರು-ಮರಳಿನಲ್ಲಿ ಕಾಲಿನಿಂದಲೇ ತಡಕಿ ಅದನ್ನು ಹೆಕ್ಕುತ್ತಾರೆ. ಬಳಚಿಗೆ ಓಡಿಹೋಗಲು ಬರುವುದಿಲ್ಲ. ನೀರು ಸಪ್ಪೆಯಾದರೆ ಎರಡೂ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಕೂರುತ್ತದೆ. ಮುಚ್ಚಿಕೊಂಡಷ್ಟು ಹೊತ್ತು ಊಟವಿಲ್ಲ, ಹೊಸ ಆಮ್ಲಜನಕವೂ ಇಲ್ಲ. ಸ್ವಲ್ಪ ದಿನ ತಾಳುತ್ತದೆ, ಆಮೇಲೆ ಸಾಯುತ್ತದೆ. ಮಳೆಗಾಲದಲ್ಲಿ ಸತ್ತಷ್ಟು ಸತ್ತರೂ, ಉಪ್ಪು ಮರಳಿದ ಮೇಲೆ ಹೊಸ ಮರಿಗಳು ತಳ ಹಿಡಿಯುತ್ತವೆ.

ಉಪ್ಪು ಮರಳದೇ ಹೋದರೆ? ಪಕ್ಕದ ಹೊನ್ನಾವರದಲ್ಲಿ ಅದೇ ಆಯಿತು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಕರೆಂಟು ವರ್ಷವಿಡೀ ಬೇಕಲ್ವಾ, ಹಾಗಾಗಿ ಟರ್ಬೈನ್ ತಿರುಗಿಸಿದ ಸಿಹಿನೀರು ಕಡು ಬೇಸಿಗೆಯಲ್ಲೂ ಹೊಳೆಗೆ ಬೀಳುತ್ತದೆ. ಅಳಿವೆಯ ಉಪ್ಪು ಕುಸಿಯಿತು, ಬಳಚಿನ ಕಸುಬೂ ಅದರ ಜೊತೆಗೇ ಮುಳುಗಿತು. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅದು ಇವತ್ತಿಗೂ ಉಳಿದಿದೆ. ಈ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಕಾನೂನಿನ ತೊಡಕು ಇರುವುದು ಇಲ್ಲೇ. ಅದು ಗೆರೆ ಎಳೆಯುವುದು ಉಪ್ಪು ನೋಡಿ, ಆದರೆ ಕಾಯುವುದು ದಂಡೆಯ ನೆಲವನ್ನು. ಮೇಲಿನಿಂದ ಬೇಸಿಗೆಯಲ್ಲಿ ಸಿಹಿನೀರು ಬಿಟ್ಟರೆ 5 ಗ್ರಾಂನ ಗೆರೆ ಕಡಲ ಕಡೆ ಜಾರುತ್ತದೆ. ಯಾರೂ ಒಂದಕ್ಷರ ತಿದ್ದದೆ ಕಾನೂನಿನ ವ್ಯಾಪ್ತಿಯೇ ಕುಗ್ಗುತ್ತದೆ! ದಂಡೆಯಲ್ಲಿ ಒಂದು ಗೋಡೆ ಎಬ್ಬಿಸಿದರೆ ನೋಟಿಸು ಬರುತ್ತದೆ. ಹೊಳೆಯ ಉಪ್ಪನ್ನೇ ಬದಲಿಸಿದರೆ ಈ ಅಧಿಸೂಚನೆಯಡಿ ಕೇಳುವವರಿಲ್ಲ.

ಅಘನಾಶಿನಿ ನೀರನ್ನು ಬಯಲುಸೀಮೆಯ ವೇದಾವತಿ ನದಿ ಕಡೆ ಹರಿಸುವ ಪ್ರಸ್ತಾವ ಇದೆಯಲ್ಲ, ಅಲ್ಲಿ ಆತಂಕ ತಿರುಗುಮುರುಗು. ಬರುವ ಸಿಹಿನೀರು ಕಡಿಮೆಯಾದರೆ ಉಪ್ಪಿನ ಗೆರೆ ಮೇಲಕ್ಕೆ ಹತ್ತುತ್ತದೆ. ಆಗ ಕಾನೂನಿನ ವ್ಯಾಪ್ತಿ ಕಾಗದದ ಮೇಲೆ ಜಾಸ್ತಿಯಾಗುತ್ತದೆ, ದಂಡೆಯ ಬಾವಿಗಳೂ ಸವಳಾಗುತ್ತವೆ.

ಇಂಥ ವಾದದಲ್ಲಿ ಮೊದಲು ಬೇಕಾಗುವುದು ಈಗಿನ ಉಪ್ಪಿನ ದಾಖಲೆ. ತದಡಿ, ಮಿರ್ಜಾನ್, ದಿವಗಿಯಲ್ಲಿ ತಿಂಗಳಿಗೊಮ್ಮೆ ಮೇಲಿನ ಮತ್ತು ತಳದ ನೀರನ್ನು ಅಳೆದು ಬರೆದಿಡಲು ಪ್ರಯೋಗಾಲಯವೇನೂ ಬೇಡ. ಸಿಗಡಿ ಸಾಕುವವರು ಬಳಸುವ, ಅಂಗೈ ಮೇಲೆ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು. ಗಾಜಿನ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ.