ಓಕ್ ಕಾಣದ ಬಿಳಿ ವೈನ್: ಲೇಬಲ್ ಮುಚ್ಚಿ ಪತ್ತೆ ಹಚ್ಚುವುದು

ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ಎಂದರೆ ಮಣೂಕ (ಒಣದ್ರಾಕ್ಷಿ)ವೇ ನೆನಪಾಗುತ್ತದೆ. ಆದರೆ 2007ರ ರಾಜ್ಯ ವೈನ್ ನೀತಿ ಗುರುತಿಸಿದ ಕೃಷ್ಣಾ ಕಣಿವೆಯಲ್ಲಿ ಈ ಜಿಲ್ಲೆಯೂ ಇದೆ. ಬಿಳಿ ವೈನ್ ಬರೀ ಸ್ಟೀಲ್ ಟ್ಯಾಂಕಿನಲ್ಲಿ ಪಳಗಿದ್ದೋ, ಓಕ್ ಮರದ ಪೀಪಾಯಿ ಕಂಡದ್ದೋ ಎಂದು ಲೇಬಲ್ ನೋಡದೆ ಹೇಳಬೇಕಾದರೆ ಓಕ್‌ನ ಗುರುತು ಇಲ್ಲ ಎಂಬುದನ್ನೇ ಖಾತ್ರಿ ಮಾಡಿಕೊಳ್ಳಬೇಕು. ಕಷ್ಟ ಇರುವುದೇ ಅಲ್ಲಿ.

ಒಳಮೈ ಸುಟ್ಟ ಓಕ್ ಪೀಪಾಯಿ ವೈನಿಗೆ ವೆನಿಲಾ ವಾಸನೆಯ ವೆನಿಲಿನ್, ಲವಂಗದ ವಾಸನೆಯ ಯೂಜಿನಾಲ್, ಕೊಬ್ಬರಿ ವಾಸನೆಯ ಲ್ಯಾಕ್ಟೋನ್ ಬಿಡುತ್ತದೆ. ವಸಡಿಗೆ ತುಸು ಒಗರು ಹತ್ತುತ್ತದೆ. ಇವಿಲ್ಲದೆ ಲಿಂಬೆ, ಹಸಿರು ಸೇಬು ನೇರವಾಗಿ ಮೂಗಿಗೆ ಬಂದರೆ ಸ್ಟೀಲ್ ಟ್ಯಾಂಕಿನ ಕಡೆ ಒಲಿಯಬಹುದು. ಹಳೆಯ ಪೀಪಾಯಿ ಹೆಚ್ಚೇನೂ ಬಿಡುವುದಿಲ್ಲ, ಅಲ್ಲಿ ಅನುಭವಿಗಳೂ ಎಡವುತ್ತಾರೆ.

ಬಹಳ ಜನ ಮೋಸ ಹೋಗುವುದು ಬೆಣ್ಣೆ ವಾಸನೆಗೆ. ಅದು ಮರದ್ದಲ್ಲ. ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲ ಮಾಡುವಾಗ ಹುಟ್ಟುವ ಡೈಅಸಿಟೈಲ್ ಅದು; ಸ್ಟೀಲ್ ಟ್ಯಾಂಕಿನಲ್ಲೂ ಆಗುತ್ತದೆ. ಹಸಿ ಸೇಬಿನ ಚುರುಕು ಹುಳಿ ಹೋಗಿ ಮೊಸರಿನ ಮೆತ್ತನೆ ಹುಳಿ ಬಂದಿರುತ್ತದೆ, ಅಷ್ಟೇ. ಬಣ್ಣವನ್ನಂತೂ ನಂಬಲೇಬಾರದು. ಓಕ್ ಕಂಡದ್ದಷ್ಟೇ ಅಲ್ಲ, ಬಿಸಿಲಲ್ಲಿ ಕುದ್ದ ಬಾಟಲಿಯೂ ಹೊಂಬಣ್ಣಕ್ಕೆ ತಿರುಗುತ್ತದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋದ ಪ್ರಯೋಗದಲ್ಲಿ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ 54 ವಿದ್ಯಾರ್ಥಿಗಳು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದ್ದರು.

ವೈನ್ 10–12 ಡಿಗ್ರಿ ಇರಲಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಮೂಸಿದರೆ ವೆನಿಲಾ ಮೇಲೇಳುವುದೇ ಇಲ್ಲ, ಓಕ್ ಕಂಡ ವೈನೂ ಶುದ್ಧವಾಗಿ ತೋರುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದವರು ಪಕ್ಕದಲ್ಲಿದ್ದರೆ ಲ್ಯಾಕ್ಟೋನ್ ಎಲ್ಲ ಗ್ಲಾಸಿನಲ್ಲೂ ಸಿಗುತ್ತದೆ! ಊದುಬತ್ತಿಯೂ ಬೇಡ, ಮುಂಚೆ ಖಾರದ ಚಟ್ನಿಯೂ ಬೇಡ. ನಡುನಡುವೆ ನಾಲಿಗೆ ತೊಳೆಯಲು ನೀರು, ಉಪ್ಪು ಎಳ್ಳಿಲ್ಲದ ಖಡಕ್ ಜೋಳದ ರೊಟ್ಟಿ ಸಾಕು.

ನಿಜಕ್ಕೂ ಗೊತ್ತಾಗುತ್ತಿದೆಯೇ ಎಂದು ತಿಳಿಯಲು ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆ (ಒಂದು ಓಕ್ ಕಂಡದ್ದು, ಇನ್ನೊಂದು ಕಾಣದ್ದು), ಬೇರೆಯದನ್ನು ಹೆಕ್ಕಬೇಕು. ಸುರಿಯುವವರು ಬೇರೆ ಕೋಣೆಯಲ್ಲಿರಲಿ, ಪ್ರತಿ ಸುತ್ತಿಗೂ ಕ್ರಮ ಬದಲಾಗಲಿ. ಬರೀ ಊಹೆಯಿಂದ 6 ಸುತ್ತಿನಲ್ಲಿ 5 ಅಥವಾ 6 ಸರಿ ಬರುವ ಸಾಧ್ಯತೆ 729ಕ್ಕೆ 13. ನಾಲ್ಕು ಅಥವಾ ಹೆಚ್ಚು ಸರಿ ಬರುವುದು ಮಾತ್ರ ಊಹೆಯಲ್ಲೂ ಹತ್ತಕ್ಕೊಮ್ಮೆ ಆಗುತ್ತದೆ. ಒಟ್ಟು 18 ಗ್ಲಾಸು, ತಲಾ 30 ಮಿ.ಲೀ. ಎಂದರೂ 540 ಮಿ.ಲೀ.; ನುಂಗುತ್ತ ಹೋದರೆ ಕೊನೆಯ ಸುತ್ತಿಗೆ ಮೂಗೇ ಇರುವುದಿಲ್ಲ, ಉಗುಳಲು ಒಂದು ಚೊಂಬು ಇಟ್ಟುಕೊಳ್ಳಿ.