ಲಿವರ್‌ಗೆ ಭಾರ ಅಂತ ಬೇಳೆ ನಿಲ್ಲಿಸಬೇಡಿ

ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ ಅಂತ ಗೊತ್ತಾದ ದಿನವೇ ಮನೆಯ ಅಡುಗೆ ಬದಲಾಗುತ್ತದೆ. ಮೊದಲು ಮೊಟ್ಟೆ ಹೋಗುತ್ತದೆ. ಆಮೇಲೆ ಬೇಳೆ, ಕಾಳು, ಹಾಲು. ಕೊನೆಗೆ ಉಳಿಯೋದು ಅಕ್ಕಿ ಗಂಜಿ, ಬೇಯಿಸಿದ ಸೋರೆಕಾಯಿ. ಯಾಕಮ್ಮಾ ಹೀಗೆ ಅಂದರೆ ಎಲ್ಲರದ್ದೂ ಒಂದೇ ಉತ್ತರ: "ಲಿವರ್‌ಗೆ ಭಾರ ಆಗುತ್ತಲ್ವಾ ಮೇಡಂ?"

ಆಗಲ್ಲ. ಡಯಟಿಷಿಯನ್ ಆಗಿ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಕುಡಿತ ಬಿಡಬೇಕು ಅನ್ನೋದು ಎಲ್ಲರಿಗೂ ಗೊತ್ತು, ಅದರ ಬಗ್ಗೆ ನಾನು ಬರೆಯಲ್ಲ. ಈ ಗಂಜಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಇದು ಕಾಮಾಲೆ ಪಥ್ಯದಿಂದ ಬಂದ ಅಭ್ಯಾಸ. ನೀರಿನಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ವಾಸಿ ಮಾಡಿದ ಹೆಸರು ಮಾತ್ರ ಪಥ್ಯಕ್ಕೆ ಬರುತ್ತದೆ. ಸಿರೋಸಿಸ್ ಹಾಗಲ್ಲ, ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ. ವರ್ಷಗಟ್ಟಲೆ ಗಂಜಿ ಕುಡಿದರೆ ಮನುಷ್ಯ ಏನಾಗಬೇಕು?

ಏನಾಗುತ್ತಾನೆ ಅಂತ ಹೇಳುತ್ತೇನೆ. ಲಿವರ್ ನಮ್ಮ ಮೈಯ ಕಣಜ. ಉಂಡ ಸಕ್ಕರೆಯನ್ನು ಕೂಡಿಟ್ಟುಕೊಂಡು, ನಾವು ಮಲಗಿದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಸಿರೋಸಿಸ್‌ನಲ್ಲಿ ಈ ಕಣಜ ಚಿಕ್ಕದಾಗಿಬಿಡುತ್ತದೆ. ಒಂದು ರಾತ್ರಿ ಕಳೆಯುವಷ್ಟರಲ್ಲಿ, ಆರೋಗ್ಯವಂತರು ಎರಡು ಮೂರು ದಿನ ಉಪವಾಸ ಮಾಡಿದರೆ ಮೈ ಯಾವ ಸ್ಥಿತಿಗೆ ಬರುತ್ತದೋ ಆ ಸ್ಥಿತಿಗೆ ಇವರು ಬಂದಿರುತ್ತಾರೆ. ಆಗ ದೇಹ ಮಾಂಸಖಂಡವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಇದು ದಿನಾ ರಾತ್ರಿ ನಡೆಯುತ್ತದೆ.

"ಪ್ರೋಟೀನ್ ಕೊಟ್ಟರೆ ಅಮೋನಿಯಾ ತಲೆಗೇರುತ್ತೆ, ಮಂಕಾಗ್ತಾರೆ ಅಂತಾರಲ್ಲ?" ಅಂತ ಕೇಳುತ್ತಾರೆ. ಅಮೋನಿಯಾ ಅಂದರೆ ಪ್ರೋಟೀನ್ ಕರಗಿದಾಗ ಹುಟ್ಟುವ ಕಸ, ಅದನ್ನು ರಕ್ತದಿಂದ ತೆಗೆಯೋದು ಲಿವರ್ ಕೆಲಸ. ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು, ಅದಕ್ಕೆ ಮನೆಯವರನ್ನು ಬೈಯುವಂತಿಲ್ಲ. ಆದರೆ 2004ರಲ್ಲಿ ಬಾರ್ಸಿಲೋನಾದ ವೈದ್ಯರು ಹೀಗೆ ಮಂಕಾದ ರೋಗಿಗಳಲ್ಲಿ ಕೆಲವರಿಗೆ ಪ್ರೋಟೀನ್ ಕಡಿಮೆ ಮಾಡಿ, ಕೆಲವರಿಗೆ ಮಾಮೂಲಿನಷ್ಟೇ ಕೊಟ್ಟು ನೋಡಿದರು. ಕಡಿಮೆ ಮಾಡಿದ್ದರಿಂದ ಏನೂ ಲಾಭ ಆಗಲಿಲ್ಲ. ಮೈಯ ಪ್ರೋಟೀನ್ ಕರಗಿದ್ದು ಮಾತ್ರ ಜಾಸ್ತಿ. ಇನ್ನೊಂದು ವಿಷಯ: ಲಿವರ್ ಕೈಕೊಟ್ಟಾಗ ರಕ್ತದ ಅಮೋನಿಯಾವನ್ನು ತೆಗೆಯುವ ಕೆಲಸಕ್ಕೆ ಮಾಂಸಖಂಡವೂ ಕೈಜೋಡಿಸುತ್ತದೆ. ನೀವು ಬೇಳೆ ನಿಲ್ಲಿಸಿ ಆ ಮಾಂಸಖಂಡವನ್ನೇ ಕರಗಿಸಿದರೆ ಮಂಕು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗಲ್ಲ.

ಮಂಡ್ಯ ಕಡೆಯ ಒಬ್ಬರು ಬರುತ್ತಿದ್ದರು. "ತೂಕ ಒಂಚೂರೂ ಇಳಿದಿಲ್ಲ, ಊಟ ಸರಿಯಾಗೇ ಇದೆ" ಅಂತ ಹೆಂಡತಿಯ ವಾದ. ಅವರು ಕೈ ಎತ್ತಿದರೆ ವಾಚು ಮೊಣಕೈವರೆಗೂ ಜಾರುತ್ತಿತ್ತು. ಕಣತಲೆ ಗುಳಿ ಬಿದ್ದಿತ್ತು. ತೂಕ ಇದ್ದದ್ದು ಹೊಟ್ಟೆಯ ನೀರಿನಲ್ಲಿ. ಹೊಟ್ಟೆ ಊದಿದವರ ತಕ್ಕಡಿ ನಂಬಬೇಡಿ, ತೋಳು ನೋಡಿ.

ಎಷ್ಟು ಕೊಡಬೇಕು? ನೀರಿನ ತೂಕ ಕಳೆದು, ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. 60 ಕಿಲೋದವರಿಗೆ 72ರಿಂದ 90 ಗ್ರಾಂ. ಒಂದು ಬಟ್ಟಲು ಗಂಜಿಯಲ್ಲಿ 4 ಗ್ರಾಂ ಇದ್ದರೆ ಹೆಚ್ಚು. ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ ಹೆಚ್ಚೂಕಡಿಮೆ ಅಷ್ಟೇ, ಒಂದು ಹಿಡಿ ಹುರಿಗಡಲೆಯಲ್ಲೂ ಅಷ್ಟೇ. ಮುದ್ದೆ ತಿನ್ನಲಿ, ಆದರೆ ಸಾರಿನಲ್ಲಿ ಕಾಳು ಇರಲಿ, ಬರೀ ತಿಳಿ ಬೇಡ. ಹಿಂದೆ ಮಂಕಾಗಿದ್ದವರಿಗೆ ಮಾಂಸಕ್ಕಿಂತ ಬೇಳೆ, ಮೊಸರು ಚೆನ್ನಾಗಿ ಒಗ್ಗುತ್ತದೆ.

ಮಲಗುವ ಮುಂಚೆ ಇನ್ನೊಂದು ಸಲ ತಿನ್ನಲೇಬೇಕು. ಊಟ ಎಂಟಕ್ಕೆ ಮುಗಿದರೆ, ಹತ್ತಕ್ಕೆ ಹಾಲು ರೊಟ್ಟಿಯೋ ಬಾಳೆಹಣ್ಣು ಹುರಿಗಡಲೆಯೋ. ಬೆಳಗ್ಗೆ ಎದ್ದು ಬರೀ ಕಾಫಿ ಕುಡಿದು ಹತ್ತು ಗಂಟೆವರೆಗೆ ಕೂರುವಂತಿಲ್ಲ. ಮಂಡ್ಯದವರ ಹೆಂಡತಿ ಹುರಿಗಡಲೆ ಡಬ್ಬಿಯನ್ನು ಮಂಚದ ಪಕ್ಕಕ್ಕೇ ತಂದಿಟ್ಟರು. "ಮೊದಲು ಕುಡಿಯೋವಾಗ ನೆಂಚಿಕೊಳ್ತಿದ್ದೆ ಮೇಡಂ, ಈಗ ನೆಂಚಿಕೊಳ್ಳೋದು ಮಾತ್ರ ಉಳೀತು" ಅಂದರು ಯಜಮಾನರು. ನಗು ತಡೆಯೋಕಾಗಲಿಲ್ಲ.

ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ ಮಾಡಬೇಕು, ನಿಜ. ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಬಿಟ್ಟರೆ ಅರ್ಧ ಕೆಲಸ ಆಯಿತು. ಪೂರ್ತಿ ಸಪ್ಪೆ ಮಾಡಿ ತಟ್ಟೆ ಹಾಗೇ ವಾಪಸ್ ಬಂದರೆ ಏನು ಉಪಯೋಗ? ಹುಳಿ, ಶುಂಠಿ, ಒಗ್ಗರಣೆ ಹಾಕಿ, ಬಾಯಿಗೆ ರುಚಿ ಸಿಗಲಿ.

ಇದೆಲ್ಲ ಎಚ್ಚರವಾಗಿ ಓಡಾಡಿಕೊಂಡಿರುವವರ ಮಾತು. ತೂಕಡಿಸುತ್ತಾ, ತೊದಲುತ್ತಾ ಇದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶುಗರ್, ಕಿಡ್ನಿ ತೊಂದರೆ ಇದ್ದರೆ ಲೆಕ್ಕ ಬೇರೆ, ನಿಮ್ಮ ವೈದ್ಯರನ್ನೇ ಕೇಳಿ. ಲಿವರ್ ಕ್ಲೀನ್ ಮಾಡುತ್ತೆ ಅಂತ ಅಮೃತಬಳ್ಳಿ ಕಷಾಯ ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಅದರಿಂದಲೇ ಲಿವರ್ ಕೆಟ್ಟ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ.